ಮೊದಲು ಎತ್ತುವ ಕೈ

ಆ ಪಕ್ಷದಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ. ಅಧ್ಯಕ್ಷರೇ ಹಾಗೆ ಹೇಳುತ್ತಾರೆ. ‘ಸದಸ್ಯತ್ವದ ಹೊಣೆಯಿಂದ ಬಿಡುಗಡೆ’ ಮಾಡುತ್ತಾರಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಆ ಬಿಡುಗಡೆಗೂ ಒಂದು ಪದ್ಧತಿಯಿತ್ತು. ಆರೋಪ ಹೊತ್ತವನಿಗೆ ಸಭೆಯಲ್ಲಿ ಯಾರು ಎಲ್ಲರಿಗಿಂತ ಹತ್ತಿರದವರೋ ಅವರೇ ಮೊದಲು ಕೈ ಎತ್ತಬೇಕು. ಅಣ್ಣನಿದ್ದರೆ ಅಣ್ಣ, ಅವನಿಲ್ಲದಿದ್ದರೆ ಜೊತೆಯಲ್ಲಿ ಬೆಳೆದ ಗೆಳೆಯ. ನೆಂಟಸ್ತಿಕೆಗಿಂತ ಪಕ್ಷ ದೊಡ್ಡದು ಎಂದು ತೋರಿಸುವುದಕ್ಕೆ ಇದು ಎಂದು ದರ್ಜಿ ನಂಬಿದ್ದ. ಬಡಗಿ ತನ್ನ ಸ್ವಂತ ಅಣ್ಣನ ವಿರುದ್ಧ ಕೈ ಎತ್ತಿದ ದಿನ ಇವನ ಕಣ್ಣಲ್ಲಿ ನೀರೇ ಬಂದಿತ್ತು. “ಇದಪ್ಪಾ ಶಿಸ್ತು ಅಂದ್ರೆ” ಎಂದು ಮನೆಗೆ ಬಂದು ಹೆಂಡತಿಗೂ ಹೇಳಿದ್ದ.

ದರ್ಜಿಯ ಅಂಗಡಿ ಟೈರ್ ಅಂಗಡಿಯ ಪಕ್ಕದಲ್ಲಿತ್ತು, ಪಕ್ಷದ ಕಚೇರಿ ಅದರ ಮೇಲ್ಮಹಡಿಯಲ್ಲಿ. ಬಾವುಟ, ಶಾಲು, ವೇದಿಕೆಯ ಮೇಜಿಗೆ ಹೊದಿಸುವ ಬಟ್ಟೆ, ಎಲ್ಲ ಅವನ ಮೆಷಿನ್ನಿನಿಂದಲೇ ಮೇಲೆ ಹೋಗುತ್ತಿದ್ದವು. ಮನೆಯಲ್ಲಿ ಮಕ್ಕಳಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಹೆಂಡತಿಯ ತಮ್ಮ ಅಕ್ಕನ ಸೆರಗು ಹಿಡಿದು ಬಂದಿದ್ದ. ಅವನಿಗೆ ಗುಂಡಿ ಹಚ್ಚುವುದನ್ನೂ ಸೈಕಲ್ ಹೊಡೆಯುವುದನ್ನೂ ಕಲಿಸಿದ್ದು ದರ್ಜಿ, ಮೆರವಣಿಗೆಯಲ್ಲಿ ಘೋಷಣೆ ಕೂಗಲು ಕಲಿಸಿದ್ದೂ ದರ್ಜಿಯೇ. ಭಾವಮೈದುನ ಎನ್ನುವುದು ಹೆಸರಿಗೆ, ಸಾಕಿದ್ದು ಮಗನ ಹಾಗೆ.

ಆ ಭಾವಮೈದುನ ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತ. “ಅಧ್ಯಕ್ಷರ ಚುನಾವಣೆ ಯಾವಾಗ ನಡೀತು? ನಾನೂ ಊರಲ್ಲೇ ಇದ್ದೆನಲ್ಲ” ಎಂದು ಕೇಳಿದ. ಒಂದಿಬ್ಬರು ನಕ್ಕರು. ಅಧ್ಯಕ್ಷರೂ ನಕ್ಕರು. ಆ ನಗು ಕಂಡೇ ದರ್ಜಿ ಹುಡುಗನ ಅಂಗಿ ಹಿಡಿದೆಳೆದು ಕೂರಿಸಿದ.

ಮಾರನೆಯ ದಿನವೇ ಅಧ್ಯಕ್ಷರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಹಿಂದೆ ಕಾರ್ಯದರ್ಶಿ ನಿಂತಿದ್ದ. ಅವನನ್ನು ಎಲ್ಲರೂ ಹೌದಪ್ಪ ಎಂದೇ ಕರೆಯುತ್ತಿದ್ದರು.

“ಬರೀ ಶಾಸ್ತ್ರ ಕಣಯ್ಯಾ. ಕೈ ಎತ್ತು, ಇಳಿಸು, ಅಷ್ಟೇ. ಊರ ಚುನಾವಣೆ ಹತ್ರ ಬರೋದ್ರೊಳಗೆ ವಾಪಸ್ ತಗೊಳ್ಳೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಅವನಿಗೆ ಮಾತಾಡೋಕೆ ಬಿಡ್ತೀರಾ?”

“ಬಿಡದೆ ಇರ್ತೀವಾ?” ಎಂದರು ಅಧ್ಯಕ್ಷರು.

“ಬಿಡದೆ ಇರ್ತೀವಾ” ಎಂದ ಹೌದಪ್ಪ.

ಹೆಂಡತಿಗೆ ವಿಷಯ ತಿಳಿದಾಗ ಅವಳು ಜಗಳವಾಡಲಿಲ್ಲ. “ಯಾರು ಬೇಕಾದ್ರೂ ಎತ್ಕೊಳ್ಳಲಿ. ನೀವು ಮಾತ್ರ ಎತ್ತಬೇಡಿ. ನಿಮ್ಮನ್ನ ಬಿಟ್ರೆ ಅವನಿಗೆ ಯಾರಿದ್ದಾರೆ?” ಎಂದಳು.

ಸಭೆಯ ದಿನ ಹುಡುಗನನ್ನು ಹೊರಗೆ, ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆಯಲೇ ಇಲ್ಲ. ಹೌದಪ್ಪ ಆರೋಪ ಓದಿದ, ‘ಉಂಡ ಮನೆಗೆ ಎರಡು ಬಗೆದ’ ಎಂಬ ಮಾತೂ ಅದರಲ್ಲಿತ್ತು. ಆಮೇಲೆ ಎಲ್ಲ ತಲೆಗಳೂ ದರ್ಜಿಯ ಕಡೆ ತಿರುಗಿದವು. ಯಾರೂ ಒತ್ತಾಯ ಮಾಡಲಿಲ್ಲ, ಸುಮ್ಮನೆ ನೋಡುತ್ತ ಕುಳಿತರು. ದರ್ಜಿ ಕೈ ಎತ್ತಿದ. ಅದು ಮೇಲೆ ಹೋದದ್ದೇ ತಡ, ಉಳಿದವರದು ಗುಂಪಿನಲ್ಲಿ ಗೋವಿಂದ. ಬಾಗಿಲು ತೆರೆದೇ ಇತ್ತು. ಹುಡುಗ ಬೆಂಚಿನಿಂದ ಎಲ್ಲವನ್ನೂ ನೋಡಿದ.

ಆಮೇಲೆ ಚಹಾ ಬಂತು, ಬಿಸ್ಕತ್ತು ಬಂತು. ಒಬ್ಬ ಮನುಷ್ಯನನ್ನು ಮೆಟ್ಟಿಲಿಳಿಸಿ ಕಳಿಸಿದ ಬಾಯಲ್ಲೇ ಎಲ್ಲರೂ ಚಪ್ಪರಿಸಿದರು. ಹೇಸಿಗೆ.

“ಮೊದಲು ಎತ್ತಿದ್ದು ಯಾರು?” ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು.

“ನಾನೇ.”

ಅಂದಿನಿಂದ ಅವಳು ಅಡುಗೆ ಮಾಡಿ, ಮುಚ್ಚಿಟ್ಟು, ಒಳಕೋಣೆಗೆ ಹೋಗಿಬಿಡುತ್ತಿದ್ದಳು. ದರ್ಜಿ ತಾನೇ ಬಡಿಸಿಕೊಂಡು ತಿನ್ನುತ್ತಿದ್ದ. ಹುಡುಗ ಬೇರೆ ಬೀದಿಯಲ್ಲಿ ಕೋಣೆ ಹಿಡಿದ.

ಚುನಾವಣೆ ಹತ್ತಿರವಾಯಿತು. ಹುಡುಗನ ಸುತ್ತ ಆ ಬೀದಿಯ ಹೈಕಳೆಲ್ಲ ಸೇರಿದ್ದರು, ಎದುರು ಪಕ್ಷದವರು ಅವನ ಕೋಣೆಗೆ ಎಡತಾಕುತ್ತಿದ್ದರು. ಅಧ್ಯಕ್ಷರ ಕುರ್ಚಿ ಅಲುಗಾಡಿತು, ಪ್ರೀತಿ ಉಕ್ಕಿತು. ಹುಡುಗನನ್ನು ವಾಪಸ್ ಕರೆದುಕೊಳ್ಳುವುದೆಂದಾಯಿತು. ಅದರ ಹಿಂದಿನ ವಾರ ಅವನು ಅಂಗಡಿಗೆ ಬಂದ.

“ಭಾವ, ಒಂದು ಬಿಳಿ ಶರ್ಟ್ ಆಗಬೇಕು. ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡಿ. ಇನ್ಮೇಲೆ ಭಾಷಣ ಗೀಷಣ ಇರತ್ತೆ.”

ಎಷ್ಟೋ ತಿಂಗಳ ಮೇಲೆ ‘ಭಾವ’ ಎಂದಿದ್ದ. ದರ್ಜಿಗೆ ಅಷ್ಟೇ ಸಾಕಾಯಿತು. ಬೇರೆ ಬಟ್ಟೆಗಳನ್ನೆಲ್ಲ ಬದಿಗಿಟ್ಟು ಆ ಶರ್ಟಿಗೆ ಕುಳಿತ. ಕಂಕುಳ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ. ಕಾಸು ಕೇಳಲಿಲ್ಲ.

ಹಾರ ಹಾಕುವ ದಿನ ದರ್ಜಿ ಹಿಂದೆ ಶಾಲುಗಳ ಗಂಟು ಹಿಡಿದು ನಿಂತಿದ್ದ. ಅಧ್ಯಕ್ಷರು ಮೈಕ್ ಹಿಡಿದರು. “ನಮ್ಮಲ್ಲಿ ಭಿನ್ನಮತ ಅನ್ನೋದೇ ಇಲ್ಲ. ಇದು ಭಾವ-ಭಾವಮೈದುನರ ಮನೆಜಗಳ. ಪಕ್ಷ ಇವರನ್ನ ಯಾವತ್ತಾದ್ರೂ ದೂರ ಮಾಡಿತ್ತಾ? ಮೊದಲು ಕೈ ಎತ್ತಿದ್ದು ಯಾರು ಅಂತ ನೀವೇ ನೋಡಿದ್ದೀರಲ್ಲ.”

ಸಭೆ ತಿರುಗಿ ನೋಡಿತು. ಬಡಗಿಯೊಬ್ಬ ಮಾತ್ರ ಮುಖ ತಗ್ಗಿಸಿದ, ಅವನಿಗೆ ಮೊದಲೇ ಗೊತ್ತಿತ್ತು. ಆ ಪದ್ಧತಿ ಯಾಕಿದೆಯೆಂಬುದು ದರ್ಜಿಗೆ ಆಗ ಅರ್ಥವಾಯಿತು. ಪಕ್ಷದ ಕೈ ಯಾವತ್ತೂ ಕೊಳೆಯಾಗಬಾರದು, ಒರೆಸಿಕೊಳ್ಳಲು ಯಾರದಾದರೂ ಮನೆಯ ಬಟ್ಟೆ ಬೇಕು. ಇಷ್ಟು ವರ್ಷ ಇಂಥ ಕೊಳಕಿಗೆ ಬಾವುಟ ಹೊಲಿದುಕೊಟ್ಟೆನಲ್ಲ ಎಂದು ಅವನಿಗೆ ತನ್ನ ಬೆರಳುಗಳ ಮೇಲೇ ಅಸಹ್ಯವಾಯಿತು.

ಅಲ್ಲಿಗೂ ಬಿಡಲಿಲ್ಲ. ಮನೆಜಗಳವನ್ನು ಪಕ್ಷಕ್ಕೆ ತಂದನೆಂದು ದರ್ಜಿಯ ಮೇಲೆಯೇ ಶಿಸ್ತುಕ್ರಮದ ಸಭೆ ಕರೆದರು. ಈಗ ಬೆಂಚಿನ ಮೇಲೆ ಅವನು. ಒಳಗೆ ಮುಂದಿನ ಸಾಲಿನಲ್ಲಿ ಬಿಳಿ ಶರ್ಟು ಹಾಕಿಕೊಂಡು ಹುಡುಗ.

ಇವತ್ತು ಮೊದಲ ಕೈ ಹುಡುಗನದೇ ಆಗಬೇಕು. ಎಲ್ಲ ತಲೆಗಳೂ ಅವನ ಕಡೆ ತಿರುಗುತ್ತವೆ, ಅವನು ಬೆವರುತ್ತಾನೆ, ಮುಂದೆ ಯಾವತ್ತಾದರೂ ಅಕ್ಕನ ಮುಖ ನೋಡಬೇಕು. ನಾನು ಉಂಡದ್ದು ಅವನಿಗೆ ಬೇಡ ಎಂದುಕೊಂಡ ದರ್ಜಿ. ನನಗೆ ನನಗಿಂತ ಹತ್ತಿರದವರು ಯಾರು? ಬೆಂಚಿನಿಂದೆದ್ದು ಹೊಸ್ತಿಲಿಗೆ ಬಂದು, ತನ್ನ ವಿರುದ್ಧ ತಾನೇ ಕೈ ಎತ್ತಿದ.

ಹುಡುಗನ ಕೈ ಆಗಲೇ ಮೇಲಿತ್ತು. ಹೌದಪ್ಪ ಆರೋಪವನ್ನು ಓದಿ ಮುಗಿಸಿರಲೂ ಇಲ್ಲ. ತೋಳು ನೆಟ್ಟಗೆ ನಿಂತಿತ್ತು. ಕಂಕುಳಲ್ಲಿ ಬಟ್ಟೆ ಎಲ್ಲೂ ಹಿಡಿದಿರಲಿಲ್ಲ, ಹೊಲಿಗೆ ಚೆನ್ನಾಗಿ ಕೂತಿತ್ತು.

ದರ್ಜಿ ಮೆಟ್ಟಿಲಿಳಿದು ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ಇದ್ದಳು.

“ಮೊದಲು ಎತ್ತಿದ್ದು ಯಾರು?”

“ನಾನೇ. ನನ್ನ ಮೇಲೆ ನಾನೇ ಎತ್ಕೊಂಡೆ.”

“ನನ್ನ ತಮ್ಮ?”

ಅವಳ ಕಣ್ಣು ನೋಡಿ ದರ್ಜಿ ಚಪ್ಪಲಿ ಬಿಡುವುದಕ್ಕೆ ಬಗ್ಗಿದ. “ಅವನು ಎತ್ತಲಿಲ್ಲ. ಸುಮ್ನೆ ಕೂತಿದ್ದ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಕೋಣೆಗೆ ಹೋಗಲಿಲ್ಲ. ತಟ್ಟೆ ಹಾಕಿದಳು, ಪಕ್ಕದಲ್ಲಿ ನೀರಿಟ್ಟಳು, ಎಷ್ಟೋ ತಿಂಗಳ ಮೇಲೆ ಕೂತು ಬಡಿಸಿದಳು.

“ನೋಡಿದ್ರಾ,” ಎಂದಳು, “ಅವನು ನಿಮ್ಮ ಹಾಗಲ್ಲ.”

ದರ್ಜಿ ಹೌದೆಂದು ತಲೆಯಾಡಿಸಿ ತುತ್ತು ಬಾಯಿಗಿಟ್ಟ.