ಊರಿಗೆ ಹೋದ ಹಲ್ಲು

ಒಮಾನಿನ ಇಬ್ರಾ ಊರಿನಲ್ಲಿ ನಾನು ಹಲ್ಲಿನ ಡಾಕ್ಟರು. ರೋಗಿಗಳನ್ನು ಗದರುವುದರಲ್ಲಿ ಹೆಸರಾದವಳು. "ಬ್ರಷ್ ಅನ್ನೋದನ್ನ ಬಾತ್‌ರೂಮಿನ ಅಲಂಕಾರಕ್ಕೆ ಇಟ್ಟಿದ್ದೀರಾ?" ಎಂದು ಯಾರನ್ನು ಬೇಕಾದರೂ ಕೇಳಿಬಿಡುತ್ತೇನೆ. ಮೈಸೂರಿನವರದು ಮೆದು ಮಾತು ಅಂತ ಯಾರು ಹೇಳಿದರೋ! ಆದರೆ ಈಗೀಗ ಗದರುವುದಕ್ಕೆ ಬಾಯಿ ಬರುತ್ತಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಹಾಗಾಗಿದೆ ನನಗೆ.

ಶುರುವಾದದ್ದು ಕಾಲೇಜಿನ ಗೆಳತಿಯ ಫೋನಿನಿಂದ. ಅವಳು ವಿಕಿರಣದ ಬಗ್ಗೆ ಸಂಶೋಧನೆ ಮಾಡುವವಳು. ಎಣ್ಣೆ ಬಾವಿಯ ಪೈಪುಗಳ ಒಳಗೆ, ಮನೆಯ ಗೀಸರಿನಲ್ಲಿ ಕಟ್ಟುವ ಹಾಗೆ, ಬಿಳಿ ಗಷ್ಟು ಕಟ್ಟುತ್ತದೆ. ನೆಲದಾಳದ ರೇಡಿಯಂ ಅದರಲ್ಲಿ ಸೇರಿರುವುದುಂಟು. ಹಿಂದೆ ಗಲ್ಫಿಗೆ ಬಂದು ಅದನ್ನು ಕೆರೆದು ಶುಚಿ ಮಾಡಿದವರ ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ಅವಳು ಹುಡುಕುತ್ತಿದ್ದಳು. ಅದಕ್ಕೆ ಅವಳಿಗೆ ಬೇಕಾದದ್ದು ಅವರ ಹಲ್ಲು. ಹಲ್ಲಿನ ಎನಾಮಲ್ ತನಗೆ ತಗುಲಿದ್ದನ್ನು ಎಷ್ಟು ವರ್ಷವಾದರೂ ಹಿಡಿದಿಟ್ಟುಕೊಂಡಿರುತ್ತದೆ. ಮುಂದಿನ ಹಲ್ಲಿಗೆ ಬಿಸಿಲು ತಾಗಿ ಲೆಕ್ಕ ಕೆಡುತ್ತದೆ, ದವಡೆ ಹಲ್ಲೇ ಆಗಬೇಕು. ಪುಡಿ ಮಾಡಿ ನೋಡುವುದರಿಂದ ಹಲ್ಲು ವಾಪಸು ಸಿಗುವುದಿಲ್ಲ.

"ದಿನಾ ಕೀಳ್ತಿರ್ತೀಯ, ಒಂದು ಹಲ್ಲು ಕಳಿಸೋಕಾಗಲ್ವೇನೇ?" ಎಂದು ಆಗಾಗ ಚುಚ್ಚುತ್ತಿದ್ದಳು. "ಆದ್ರೆ ಕೇಳಿ, ಒಪ್ಪಿಸಿಯೇ ತಗೋಬೇಕು" ಎಂದೂ ಹೇಳುತ್ತಿದ್ದಳು.

ನನ್ನ ರೋಗಿಗಳಲ್ಲಿ ಅಂಥವರು ಒಬ್ಬರಿದ್ದರು. ಮಂಗಳೂರು ಕಡೆಯ ಬ್ಯಾರಿ, ಇಲ್ಲಿನ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಪಾತ್ರೆ ಅಂಗಡಿ. ಇಡೀ ದಿನ ಹಿಂದಿ, ಅರಬ್ಬಿ ಆಡಿ ಸಾಕಾಗಿ, ಕನ್ನಡ ಮಾತಾಡುವುದಕ್ಕೆಂದೇ ನನ್ನ ಕ್ಲಿನಿಕ್ಕಿಗೆ ಬಂದು ಕೂರುವವರು. ಹರೆಯದಲ್ಲಿ ಮರುಭೂಮಿಯ ಯಾರ್ಡೊಂದರಲ್ಲಿ ಪೈಪು ಕೆರೆದಿದ್ದರು. ಜೊತೆಗೆ ಕೆರೆದ ಗೆಳೆಯ ಮೂಳೆಯ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದ. "ನನ್ನ ಒಳಗೆ ಎಂಥ ಉಂಟೋ, ಯಾರಿಗೆ ಗೊತ್ತು ಡಾಕ್ಟ್ರೇ" ಎಂದು ನಗುತ್ತಲೇ ಹೇಳುತ್ತಿದ್ದರು. ಹೆದರಿದ್ದರು, ಪಾಪ.

ಅವರ ದವಡೆ ಹಲ್ಲೊಂದು ಬುಡಸಮೇತ ಕೆಟ್ಟು ಕೆನ್ನೆ ಊದಿಕೊಂಡಿತು. ಕೀಳಲೇಬೇಕಿತ್ತು, ಕಿತ್ತೆ. ಆಮೇಲೆ ಪರೀಕ್ಷೆಯ ವಿಷಯ ಬಿಡಿಸಿ ಹೇಳಿ, ಹಲ್ಲು ಕೊಡ್ತೀರಾ ಎಂದು ಕೇಳಿದೆ.

ಹತ್ತಿ ಕಚ್ಚಿಕೊಂಡೇ ಅವರು ಇಲ್ಲವೆಂದು ತಲೆಯಾಡಿಸಿದರು. "ಅದೊಂದು ಆಗ್ಲಿಕ್ಕಿಲ್ಲ ಡಾಕ್ಟ್ರೇ. ನಮ್ಮಲ್ಲಿ ಮೈಯಿಂದ ಬಿದ್ದದ್ದು ಮಣ್ಣಿಗೆ ಹೋಗ್ಬೇಕು. ನಾನು ಸತ್ರೆ ಇಲ್ಲೇ ಹೂಳ್ತಾರೆ, ಊರಿಗೆ ಯಾರು ಕೊಂಡೋಗ್ತಾರೆ ಹೇಳಿ? ರಜೆಗೆ ಹೋಗುವಾಗ ಇದನ್ನಾದ್ರೂ ಉಮ್ಮನ ಖಬರಿನ ಹತ್ರ ಹಾಕಿ ಬರ್ತೇನೆ." ಉಮ್ಮ ಅಂದರೆ ಅವರ ತಾಯಿ, ಖಬರು ಅಂದರೆ ಗೋರಿ.

"ಆಯ್ತು, ತೊಳೆದು ತರ್ತೀನಿ" ಎಂದು ಒಳಗೆ ಹೋದೆ. ಬೇಸಿನ್ನಿನ ಪಕ್ಕದಲ್ಲೇ ಕಿತ್ತ ಹಲ್ಲುಗಳನ್ನು ಹಾಕುವ ಡಬ್ಬಿ. ಅವತ್ತು ಬೆಳಿಗ್ಗೆ ಕಿತ್ತ ಒಬ್ಬ ಲಾರಿ ಡ್ರೈವರನ ದವಡೆ ಹಲ್ಲು ಮೇಲೆಯೇ ಇತ್ತು. ಎಲ್ಲಾ ಇವರ ಒಳ್ಳೆಯದಕ್ಕೇ ಅಲ್ಲವೇ, ಮಣ್ಣಿಗೇನು ಗೊತ್ತು ಯಾರ ಹಲ್ಲು ಅಂತ, ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು! ಡ್ರೈವರನ ಹಲ್ಲನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಯ ಜೇಬಿಗೆ ಹಾಕಿ, ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಅವರ ಹಲ್ಲನ್ನು ನಾನು ಗೆಳತಿಗೆ ಕಳಿಸಿದೆ. "ಒಪ್ಪಿದ್ರಾ?" ಎಂದಳು. "ಒಪ್ಪಿದ್ರು ಕಣೇ" ಎಂದೆ.

ರಜೆ ಮುಗಿಸಿ ಬಂದವರು ನನಗೆ ಹಲಸಿನ ಹಪ್ಪಳದ ಕಟ್ಟು ತಂದಿದ್ದರು. "ಹಾಕಿ ಬಂದೆ ಡಾಕ್ಟ್ರೇ, ಉಮ್ಮನ ಕಾಲ ಹತ್ರ. ಇನ್ನು ಇಲ್ಲೇ ಸತ್ರೂ ಅಡ್ಡಿ ಇಲ್ಲ ಮಾರಾಯ್ರೇ" ಎಂದರು. ಮನೆಯಲ್ಲಿ ಹಪ್ಪಳ ಕರಿದೆ. ಮಗಳು ಕರುಂಕುರುಂ ತಿಂದಳು. ನನ್ನ ಪಾಲನ್ನೂ ಅವಳ ತಟ್ಟೆಗೇ ಹಾಕಿದೆ.

ಸ್ವಲ್ಪ ದಿನಕ್ಕೆ ಗೆಳತಿಯ ಫೋನು ಬಂತು. ವಿಕಿರಣ ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ ಇದೆ, ರಕ್ತ ಮತ್ತು ಮೂಳೆಯ ತಪಾಸಣೆ ಮಾಡಿಸಲಿ, ತಡ ಮಾಡುವುದು ಬೇಡ. "ನೀನೇ ಹೇಳು, ನಿನ್ನ ಮೇಲೆ ಅವರಿಗೆ ನಂಬಿಕೆ ಇದೆ" ಎಂದಳು.

ಅವರನ್ನು ಕರೆಸಿದೆ. ಆಗಲೂ ಬಚ್ಚಿಡಲು ನೋಡಿದೆನೇ! "ವಯಸ್ಸಾಯ್ತಲ್ಲ ಸಾಹೇಬ್ರೇ, ಸುಮ್ನೆ ಒಂದ್ಸಲ ರಕ್ತ, ಮೂಳೆ ಎಲ್ಲಾ ತೋರಿಸಿಬಿಡಿ" ಎಂದೆ.

"ಹಲ್ಲಿನ ಡಾಕ್ಟ್ರಿಗೆ ಮೂಳೆಯ ಚಿಂತೆ ಯಾಕೆ?" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗುವೂ ನಿಂತಿತು. ಎಲ್ಲಾ ಹೇಳಿಬಿಟ್ಟೆ.

ವಿಕಿರಣ ಎಷ್ಟು ಎಂದು ಅವರು ಕೇಳಲೇ ಇಲ್ಲ. "ಹಾಗಾದ್ರೆ ಉಮ್ಮನ ಹತ್ರ ಇರುದು ಯಾರು?"

"ಒಬ್ಬ ಡ್ರೈವರ್."

"ಯಾವ ಊರಿನವ?"

"ಗೊತ್ತಿಲ್ಲ. ತಪ್ಪಾಯ್ತು ಸಾಹೇಬ್ರೇ, ದೊಡ್ಡ ತಪ್ಪಾಯ್ತು." ತಪಾಸಣೆಗೆಂದು ಬರೆದಿಟ್ಟಿದ್ದ ಚೀಟಿಯನ್ನು ಅವರತ್ತ ಚಾಚಿದೆ.

ಅವರು ಎದ್ದರು. ಚೀಟಿ ಮುಟ್ಟಲಿಲ್ಲ. "ಬೇಡ. ರಕ್ತ ಕೊಟ್ರೆ, ಆಮೇಲೆ ನೀವು ಹೇಳುದು ನನ್ನ ರಕ್ತದ್ದೇ ಅಂತ ನಾನು ಹೇಗೆ ನಂಬುದು?" ಎಂದು ಹೇಳಿ ಹೊರಟುಹೋದರು.

ಗೆಳತಿಗೂ ನಿಜ ಹೇಳಿದೆ. ಆ ಹಲ್ಲಿನ ಫಲಿತಾಂಶವನ್ನು ಅವಳು ಸಂಶೋಧನೆಯಿಂದ ತೆಗೆದುಹಾಕಿದಳು. ನನಗೆ ಫೋನ್ ಮಾಡುವುದನ್ನೂ ನಿಲ್ಲಿಸಿದಳು. ಬೈದುಕೊಳ್ಳಲಿ, ಅದನ್ನು ತಡೆದುಕೊಳ್ಳಬಹುದು. ಆದರೆ ಅವರು ತಪಾಸಣೆಗೆ ಹೋಗಲಿಲ್ಲ. ನಾನು ಕದಿಯದೇ ಇದ್ದಿದ್ದರೆ, ಹಲ್ಲು ಕೊಡಲ್ಲ ಅಂದವರನ್ನು ಗದರಿಯಾದರೂ ರಕ್ತಪರೀಕ್ಷೆಗೆ ಕಳಿಸಬಹುದಿತ್ತು. ನನ್ನ ಮಾತು ಕೇಳುತ್ತಿದ್ದರು.

ಕೊನೆಗೆ ನಿನ್ನೆ ಚೀಟಿ ಹಿಡಿದುಕೊಂಡು ಅವರ ಅಂಗಡಿಗೇ ಹೋದೆ. ಯಾರೋ ಗಿರಾಕಿಗೆ ಕುಕ್ಕರಿನ ಮುಚ್ಚಳ ತೋರಿಸುತ್ತಿದ್ದರು. ಅವನು ಹೋಗುವ ತನಕ ಬಾಗಿಲಲ್ಲೇ ನಿಂತೆ. "ಸಾಹೇಬ್ರೇ, ನನ್ನ ಹತ್ರ ಬೇಡ, ಬೇರೆ ಯಾವ ಡಾಕ್ಟ್ರ ಹತ್ರ ಆದ್ರೂ ಹೋಗಿ" ಎಂದೆ.

ಅವರು ಗಲ್ಲಾದ ಹಿಂದಿನಿಂದ ಎದ್ದು, ಎಲ್ಲರಿಗೂ ತೋರಿಸುವ ಮರ್ಯಾದೆಯಿಂದಲೇ ನನ್ನನ್ನು ನೋಡಿದರು.

"ಕ್ಯಾ ಚಾಹಿಯೇ, ಮೇಡಂ?" ಎಂದು ಹಿಂದಿಯಲ್ಲಿ ಕೇಳಿದರು.