ಕಲ್ಲ ಎದಿ ಸಿದ್ದಿ

ಬೆಳಗಾಗುತ್ತಲೇ ಸಿದ್ದಕ್ಕ ಪಡಸಾಲೆಯ ಗೂಟಕ್ಕೆ ತೂಗಹಾಕಿದ ಡೊಳ್ಳಿನ ಮುಂದೆ ನಿಂತು, ಅದರ ಎರಡೂ ಮಗ್ಗುಲಿಗೆ ಚಿಟಿಕೆ ಭಂಡಾರದ ಅರಿಸಿನ ಹಚ್ಚಿ, ಮನೆದೇವರು ಬೀರಪ್ಪನಿಗೆ ಕೈ ಮುಗಿಯುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಡೊಳ್ಳು ಅವಳ ಅಪ್ಪ ಜಕ್ಕಪ್ಪನದು. ಒಂದು ಕಾಲಕ್ಕೆ ಅದರ ತೊಗಲು ಹರಿದು ಜೋತುಬಿದ್ದಿತ್ತು. ಆಗಲೂ ಆ ಹರಿದ ಅಂಚಿಗೇ ಭಂಡಾರ ಹಚ್ಚುತ್ತಿದ್ದಳು.

ಹರಿದವನು ಅವಳ ತಮ್ಮ ಹಾಲೇಶ. ಆಲಮಟ್ಟಿಯ ಹಿನ್ನೀರು ಬಂದು ಬೀಳಗಿ ಕಡೆಯ ಅವರ ಊರು ಮುಳುಗಿದಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಪುನರ್ವಸತಿ ಕೇಂದ್ರದ ಹೊಸ ಮನೆಗೆ ಬಂದ ಮೇಲೆ ತಂದೆ ತಾಯಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗಂಡನನ್ನು ಕಳೆದುಕೊಂಡು, ಮಗಳು ಪೂನಮ್‌ಳೊಂದಿಗೆ ತವರಿಗೆ ಬಂದಿದ್ದ ಸಿದ್ದಕ್ಕನೇ ಅವನನ್ನು ಸಾಕಿದಳು. ಮೀಸೆ ಮೂಡುವ ಹೊತ್ತಿಗೆ ಅವನಿಗೆ ಕುಡಿತ ಅಂಟಿತ್ತು. ಕುಡಿದರೆ ಮಾತಿಗಿಂತ ಕೈ ಮುಂದು. ಒಂದು ಮುಂಜಾನೆ ಅಕ್ಕ ರೊಟ್ಟಿ ಕೊಡಲು ತಡ ಮಾಡಿದಳೆಂದು ಅಪ್ಪನ ಡೊಳ್ಳಿಗೆ ಒದ್ದ. ಸಿದ್ದಕ್ಕ ಅವನನ್ನು ಹೊರಗೆ ನೂಕಿ, ಕದ ಹಾಕಿ, ಕೈಯಲ್ಲಿದ್ದ ರೊಟ್ಟಿಯನ್ನು ಕಿಟಕಿಯಿಂದ ನಾಯಿಗೆ ಎಸೆದಳು.

ಹಾಲೇಶ ಬನಹಟ್ಟಿಗೆ ಹೋಗಿ ಪವರ್‌ಲೂಮಿನಲ್ಲಿ ಕೆಲಸಕ್ಕೆ ನಿಂತ. ಮಗ್ಗಗಳ ಖಟಪಟದಲ್ಲಿ ಮಾತಾಡಬೇಕೆಂದರೆ ಅರಚಬೇಕು. ಅವನು ಆ ಖಟಪಟಕ್ಕೇ ಮಾತು ಹೊಂದಿಸಿ ಅರಚತೊಡಗಿದ. ಊರು ನುಂಗಿದ ನೀರಿಗೆ ಬೈದ, ತನ್ನ ಕುಡಿತಕ್ಕೆ ಬೈದ, ಎಲ್ಲಕ್ಕಿಂತ ಹೆಚ್ಚು ಅಕ್ಕನಿಗೆ ಬೈದ:

ಕಲ್ಲ ಎದಿ ಸಿದ್ದೀ, ಕದಾ ಹಾಕಿದಿ ಸಿದ್ದೀ,
ನಾಯಿಗೊಂದು ರೊಟ್ಟಿ, ನನಗ ಬರೇ ಗೋಡಿ ಸಿದ್ದೀ!

ಪಕ್ಕದ ಮಗ್ಗದ ಅಮೋಲ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಇದಕ್ಕೆ ರ‍್ಯಾಪ್ ಅನ್ನುತ್ತಾರೆಂದು ಹೇಳಿದವನೂ ಅವನೇ. ಒಂದೇ ಕಟಾವಿನ ಹಂಗಾಮಿನಲ್ಲಿ ಹಾಡು ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳನ್ನೆಲ್ಲ ಏರಿತು. ಸಿದ್ದಕ್ಕನ ಮನೆ ಇದ್ದದ್ದು ಸಕ್ಕರೆ ಕಾರ್ಖಾನೆಯ ದಾರಿಯಲ್ಲೇ.

“ಏನಬೇ ಸಿದ್ದಕ್ಕ, ನಸಿಕಿನಿಂದ ಟ್ರ್ಯಾಕ್ಟರ್ ಎಲ್ಲಾ ನಿನಗ ಬೈಕೋತನ ಹೊಂಟಾವಲ್ಲ” ಎಂದು ನೆರೆಮನೆಯ ಭಾಗವ್ವ ಕೆಣಕಿದಳು.

“ಈ ವರ್ಸ ಕಬ್ಬು ಛಲೋ ಬೆಳದೈತಿ ಅಂದಂಗಾತು.”

ಬಾಯಿಗೆ ಹಾಗೆ ಬಂದರೂ ಒಳಗೆ ಮುಳ್ಳು ಆಡುತ್ತಿತ್ತು. ಆದರೆ ಬನಹಟ್ಟಿಯಿಂದ ಬಂದವರು ಇನ್ನೊಂದು ಸುದ್ದಿ ತಂದರು: ಹಾಲೇಶ ಈಗ ಯಾರ ಮೇಲೂ ಕೈ ಎತ್ತುವುದಿಲ್ಲ, ಸಿಟ್ಟು ಬಂದರೆ ಹಾಡುತ್ತಾನೆ. ಮರುದಿನ ಭಂಡಾರ ಹಚ್ಚುವಾಗ ಸಿದ್ದಕ್ಕ ಆ ಹಾಡಿಗೂ ಸೇರಿಸಿ ಕೈ ಮುಗಿದಳು.

ಹಾಲೇಶ ಕುಡಿತ ಬಿಟ್ಟನಾದರೂ ಅಷ್ಟರಲ್ಲಿ ಲಿವರ್ ಕೆಟ್ಟಿತ್ತು. ಕಣ್ಣು ಹಳದಿಯಾಗಿ ಒಂದು ದಿನ ಬಾಗಿಲಿಗೆ ಬಂದು ನಿಂತ. ಕಂಕುಳಲ್ಲಿ ಡೊಳ್ಳಿಗೆಂದು ತಂದ ಹೊಸ ತೊಗಲು.

“ಸಿದ್ದೀ, ರೊಟ್ಟಿ ಉಳದೈತೇನ, ನಾಯಿ ತಿಂತೋ?”

ಅವನು ತಪ್ಪಾಯಿತೆನ್ನಲಿಲ್ಲ, ಅವಳೂ ಕೇಳಲಿಲ್ಲ. ಡೊಳ್ಳಿಗೆ ತೊಗಲು ಬಿಗಿಸಿದರು. ಮುಂದಿನ ಹಂಗಾಮು ಬರುವ ತನಕ ಅಕ್ಕನ ಕೈಯ ಬಿಸಿ ರೊಟ್ಟಿ ತಿಂದುಕೊಂಡಿದ್ದು, ಹಾಲೇಶ ತೀರಿಹೋದ. ಅಷ್ಟು ದಿನ ಸಿಕ್ಕದ್ದೇ ಬೀರಪ್ಪ ಕೊಟ್ಟದ್ದು ಎಂದು ಸಿದ್ದಕ್ಕ ಈಗಲೂ ಹೇಳುತ್ತಾಳೆ.

ಅವನ ಹಾಡು ನಿಲ್ಲಲಿಲ್ಲ. ರಬಕವಿಯ ಹುಡುಗರು ಅವನಂತೆಯೇ ಮಗ್ಗದ ತಾಳಕ್ಕೆ ಹಾಡು ಕಟ್ಟತೊಡಗಿದರು. ಪೂನಮ್‌ಗೆ ಮಾತ್ರ ಅದು ಸಂಕಟ. ಮುಧೋಳದಲ್ಲಿ ಅವಳು ಕಲಿಸುವ ಶಾಲೆಯ ಮಕ್ಕಳು ಬೆನ್ನ ಹಿಂದೆ ‘ಕಲ್ಲ ಎದಿ ಸಿದ್ದಿ ಮಗಳು’ ಅನ್ನುತ್ತಿದ್ದರು. ಅವಳೇ ಅಮೋಲನಿಗೆ ಹೇಳಿಕಳಿಸಿದಳು. ಅವನೀಗ ಬನಹಟ್ಟಿಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ. ಒಂದು ರವಿವಾರ ಮನೆಗೆ ಬಂದ.

“ಯಕ್ಕಾ, ಹಾಲೇಶನ ಪದಾ ಹೊಸದಾಗಿ ಮಾಡಾಕತ್ತೇನ್ರಿ. ನಿಮಗ ಬೈದದ್ದೆಲ್ಲಾ ತಗದ ಬಿಡತೇನಿ. ಯಾರಿಗೂ ಗೊತ್ತಾಗೂದಿಲ್ಲ.”

ಪೂನಮ್ ಅವ್ವನ ಮುಖ ನೋಡಿದಳು. ಸಿದ್ದಕ್ಕ ಡೊಳ್ಳಿನ ಕಡೆ ನೋಡಿದಳು.

“ಬ್ಯಾಡೋ ತಮ್ಮಾ. ಬಾಯಿಲೆ ಬೈಯೂದು ಕಲತ ಮ್ಯಾಲ ಅವನ ಕೈ ಸುಮ್ಮನಾದ್ವು. ಮತ್ತ ನನಗ ಸಿದ್ದೀ ಅನ್ನಾವ ಅವನೊಬ್ಬನ ಇದ್ದ. ಬೈಗಳಾ ತಗದ್ರ ಆ ಹೆಸರೂ ಹೋಗತೈತಿ. ಹಂಗ ಇರ್ಲಿ ಬಿಡು.”