ನಡಾವಳಿಯಲ್ಲಿ ಆಯಿಯ ಹೆಬ್ಬೆಟ್ಟು

ಮೊನ್ನೆ ಬಸವಕಲ್ಯಾಣದ ಬ್ಯಾಂಕಿನಲ್ಲಿ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಸ್ಟಾಂಪ್ ಪ್ಯಾಡಿನ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಮನಾಬಾದಿನ ನಮ್ಮ ತಹಸೀಲ್ ಕಚೇರಿಯ ಆಯಿ ನೆನಪಾದಳು...

ನಾನಾಗ ಅಲ್ಲಿ ಹೊಸ ಗುಮಾಸ್ತ. ಆಯಿ ದಿನಗೂಲಿಯ ಮೇಲೆ ಕಸ ಗುಡಿಸುತ್ತಿದ್ದಳು. ಆ ವರ್ಷ ಹಬ್ಬದಲ್ಲಿ ಧ್ವಜ ಕಟ್ಟುವ ವಿಷಯಕ್ಕೆ ಎರಡು ಓಣಿಗಳವರು ಬಡಿದಾಡಿಕೊಂಡರು. ಆಯಿಯ ಓಣಿ ನಡುವಿನದು. ಆ ಓಣಿಯವರು ಜಗಳದಲ್ಲಿರಲಿಲ್ಲ. ಆದರೂ ಅದೇ ನೆಪದಲ್ಲಿ ಯಾರೋ ಅವರ ನಳದ ದಾರಿಗೆ ಮುಳ್ಳುಬೇಲಿ ಹಾಕಿದ್ದರು. ಅಲ್ಲಿನ ಹೆಂಗಸರು ಹೆದ್ದಾರಿ ದಾಟಿ ನೀರು ಹೊರುತ್ತಿದ್ದರು.

ಕಚೇರಿಯಲ್ಲಿ ಶಾಂತಿ ಸಭೆ ಸೇರಿತು. ಬಡಿದಾಡಿದ ಎರಡೂ ಓಣಿಗಳ ಹಿರಿಯರು ಬಂದರು. ಆಯಿಯ ಓಣಿಗೆ ಕರೆ ಹೋಗಲಿಲ್ಲ. ಕೋಣೆ ಗುಡಿಸಿ ಕುರ್ಚಿ ಹಾಕಿದವಳು ಮಾತ್ರ ಅವಳೇ. ಎಲ್ಲ ಮರೆತು ಕೂಡಿ ಬಾಳುತ್ತೇವೆ ಎಂದು ನಾನು ನಡಾವಳಿ ಬರೆಯುತ್ತಿದ್ದಾಗ, ಆಯಿ ಒಳಗೆ ಬಂದು ಖಾಲಿ ಕುರ್ಚಿಯಲ್ಲಿ ಕುಳಿತಳು.

“ಏನಿದ್ರೂ ನಿಂತು ಹೇಳವ್ವಾ,” ಎಂದರು ಹಿರಿಯರೊಬ್ಬರು.

“ನಿಂತು ನಿಂತು ಕಾಲ ಸೋತಾವ್ರಿ, ಕುಂತೇ ಹೇಳ್ತೀನಿ. ಬಡಿದಾಡಿದವರು ನೀವು, ನೀರು ಬಂದ್ ಆಗಿದ್ದು ನಮಗ. ನಮ್ಮನ್ನ ಬಿಟ್ಟು ಅದ್ಯಾವ ರಾಜಿರಿ?”

“ಆಮ್ಯಾಲ ನೋಡೋಣ,” ಎಂದರು ತಹಸೀಲ್ದಾರ್ ಸಾಹೇಬರು.

ಆಯಿ ನನ್ನತ್ತ ತಿರುಗಿದಳು. “ತಮ್ಮಾ, ನಮ್ಮ ಓಣಿ ಹೆಸರು ಹಾಕಿ ಬೇಲಿ ತೆಗೀತೀವಿ ಅಂತ ಬರಿ. ಬರೆಯೋತನಕ ನಾ ಏಳಂಗಿಲ್ಲ.”

ಸಾಹೇಬರ ಮುಖ ನೋಡದೆ ಬರೆದುಬಿಟ್ಟೆ. ಆಯಿ ಅದನ್ನು ಎರಡು ಸಲ ಓದಿಸಿದಳು. ಎಲ್ಲರಿಗಿಂತ ಮೊದಲು ತಾನೇ ಹೆಬ್ಬೆಟ್ಟು ಒತ್ತಿದಳು. ಹಿರಿಯರು ಗೊಣಗುತ್ತಲೇ ಅದರ ಕೆಳಗೆ ಸಹಿ ಹಾಕಿದರು.

ಮರುದಿನ ಬೇಲಿ ಹೋಯಿತು. ವಾರದೊಳಗೆ ಆಯಿಯ ಕೆಲಸವೂ ಹೋಯಿತು. ನಾನು ತಲೆ ತಗ್ಗಿಸಿ ನಿಂತಿದ್ದರೆ ಆಕೆಯೇ ನಕ್ಕಳು. “ಕೂಲಿ ಎಲ್ಲಾದ್ರೂ ಸಿಗ್ತದ. ಕಾಗದದಾಗ ನಮ್ಮ ಓಣಿ ಹೆಸರು ಕುಂತದಲ್ಲ, ಅದನ್ನ ಎಬ್ಬಸ್ಲಿ ನೋಡೋಣ!” ಆಮೇಲೆ ಆಕೆ ಹಳ್ಳಿಖೇಡದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದಳಂತೆ... ನನಗೂ ವರ್ಗವಾಯಿತು. ಆಕೆಯ ಕೆಲಸಕ್ಕಾಗಿ ನಾನು ಒಂದು ಮಾತೂ ಆಡಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಬ್ಯಾಂಕಿನಿಂದ ನೇರ ಹುಮನಾಬಾದಿನ ಬಸ್ಸು ಹತ್ತಿದೆ. ಆಯಿಯ ಮನೆಯ ಬಾಗಿಲು ಬಡಿದಾಗ ಸೊಸೆ ಹೊರಗೆ ಬಂದಳು. “ಅತ್ತಿ ತೀರಿಹೋಗಿ ಎರಡು ಮಳಿಗಾಲ ಆತ್ರಿ.” ಕೇಳಬೇಕಿದ್ದ ಕ್ಷಮೆ ನನ್ನಲ್ಲೇ ಉಳಿಯಿತು.

ಈ ಹಬ್ಬಕ್ಕೂ ಅದೇ ಕಚೇರಿಯಲ್ಲಿ ಶಾಂತಿ ಸಭೆಯಿದೆ. ಅಲ್ಲಿನ ಹಳೆಯ ನೌಕರನೆಂದು ನಿವೃತ್ತನಾದ ನನಗೂ ಕರೆ ಬಂದಿದೆ, ಆದರೆ ಕರೆದವರ ಪಟ್ಟಿಯಲ್ಲಿ ಈ ಓಣಿಯಿಲ್ಲ. ಅದನ್ನು ಸೊಸೆಗೆ ಹೇಳಿದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಸಭಾ ಎಷ್ಟೊತ್ತಿಗದರಿ?”